ಹೈಡ್ರಾಲಿಕ್ ಟಾಪ್ ಲಿಂಕ್: ಕೊಳ್ಳುವ ಮೊದಲು ಅಳತೆ, ಕೊಂಡ ಮೇಲೆ ಹದ

ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಉಪಕರಣವನ್ನು ಮೇಲಿನಿಂದ ಹಿಡಿದಿಡುವ ಕೈಗೆ ಟಾಪ್ ಲಿಂಕ್ ಎನ್ನುತ್ತಾರೆ. ನನ್ನ ಟ್ರ್ಯಾಕ್ಟರಿನಲ್ಲಿ ತಿರುಪಿನ ಟಾಪ್ ಲಿಂಕ್ ಇರಬೇಕಾದ ಜಾಗದಲ್ಲಿ ಎಣ್ಣೆಯ ಒತ್ತಡದಿಂದ ಆಡುವ ಸಿಲಿಂಡರ್ ಕಂಡವರು ಮೊದಲು ಕೇಳುವುದು ಬೆಲೆ. ವರ್ಷದಲ್ಲಿ ಹೆಚ್ಚು ಕಾಲ ನಿಮ್ಮ ಗಾಡಿಗೆ ಯಾವ ಉಪಕರಣ ಕಟ್ಟಿರುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಕಲ್ಟಿವೇಟರ್, ರೊಟವೇಟರ್ ಅಂದರೆ ಹಣ ಉಳಿಸಿಕೊಳ್ಳಿ ಎನ್ನುತ್ತೇನೆ. ಮಣ್ಣು ಕೆರೆದು ಮಟ್ಟ ಮಾಡುವ ಬ್ಲೇಡ್ ಅಥವಾ ಪಲ್ಟಿ ನೇಗಿಲು ಅಂದರೆ ಕುರ್ಚಿ ಹಾಕಿ ಕೂರಿಸುತ್ತೇನೆ, ಏಕೆಂದರೆ ಆಗ ಮಾತು ಉದ್ದವಿದೆ.

ನಮ್ಮದು ಮಲೇಬೆನ್ನೂರಿನ ಕಡೆ, ಭದ್ರಾ ನಾಲೆಯ ನೀರನ್ನು ನಂಬಿದ ಭತ್ತದ ಸೀಮೆ. ಈಚೆಗೆ ಗದ್ದೆ ತೆಗೆದು ಅಡಿಕೆ ಹಾಕುವವರೂ ಹೆಚ್ಚಾಗಿದ್ದಾರೆ. ಸ್ವಂತ ಬೇಸಾಯದ ಜೊತೆಗೆ 50 ಎಚ್‌ಪಿ ಟ್ರ್ಯಾಕ್ಟರಿನಲ್ಲಿ ಬಾಡಿಗೆ ಕೆಲಸವನ್ನೂ ಮಾಡುತ್ತೇನೆ. ನಾಲೆಗೆ ನೀರು ಬಿಡುವ ಮುಂಚೆ ಒಣ ಗದ್ದೆಯ ದಿಬ್ಬ ಕೆರೆದು ತಗ್ಗಿಗೆ ತುಂಬುವುದು, ಬದುವಿನ ಮಗ್ಗುಲು ತಿದ್ದುವುದು, ಅಡಿಕೆ ಹಾಕುವವರಿಗೆ ಬಸಿಗಾಲುವೆಯ ಮೇಲ್ಪದರ ತೆಗೆದುಕೊಡುವುದು, ಮೆಕ್ಕೆಜೋಳ ಕಟಾವಾದ ಹೊಲಕ್ಕೆ ಪಲ್ಟಿ ಹೊಡೆಯುವುದು ನನ್ನ ಗಾಡಿಯ ಮುಖ್ಯ ಕೆಲಸಗಳು. ಇವುಗಳಲ್ಲಿ ಮಟ್ಟ ಮಾಡುವ ಕೆಲಸಕ್ಕೆ ಬೇಡಿಕೆ ಹೆಚ್ಚು. ಗದ್ದೆಯ ಒಂದು ಮೂಲೆಯಲ್ಲಿ ನೀರು ಮೊಳಕಾಲುದ್ದ ನಿಂತು ಇನ್ನೊಂದು ಮೂಲೆ ಒಣಗಿದ್ದರೆ ಆ ಒಣಮೂಲೆಯಲ್ಲಿ ಕಳೆಯದೇ ರಾಜ್ಯ. ನಾಲೆಯ ಕೊನೆಭಾಗದ ರೈತರಿಗೆ ಆ ಮೂಲೆಗೆ ಇನ್ನೊಮ್ಮೆ ನೀರು ಹಾಯಿಸುವ ಭಾಗ್ಯವೂ ಇರುವುದಿಲ್ಲ.

ಲೇಸರ್ ಲೆವೆಲರ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಲೇಸರಿನ ಬಕೆಟ್ಟು ತನ್ನದೇ ಚಕ್ರಗಳ ಮೇಲೆ ಹಿಂದಿನಿಂದ ಎಳೆಸಿಕೊಂಡು ಬರುತ್ತದೆ, ಅದಕ್ಕೆ ಟಾಪ್ ಲಿಂಕಿನ ಹಂಗೇ ಇಲ್ಲ. ಎಕರೆಗಟ್ಟಲೆ ಒಂದೇ ಮಡಿ ಇರುವಲ್ಲಿ ಅದರ ಮುಂದೆ ನನ್ನ ಬ್ಲೇಡ್ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಪಾಲಾಗಿ ಪಾಲಾಗಿ ಹತ್ತು ಗುಂಟೆ, ಹದಿನೈದು ಗುಂಟೆಗೆ ಇಳಿದ ಮಡಿಗಳಲ್ಲಿ ಆ ಬಕೆಟ್ಟನ್ನು ತಿರುಗಿಸುವುದಕ್ಕೇ ಅರ್ಧ ಗದ್ದೆ ಬೇಕು. ಅಲ್ಲಿ ಮೂರು ಕೈಗಳಿಗೆ ಕಟ್ಟಿದ ಏಳಡಿಯ ಬ್ಲೇಡೇ ಸರಿ.

ಮೂರು ಕೈಗಳು ಅಂದೆ. ಕೆಳಗಿನ ಎರಡು ಕೈಗಳು ಭಾರ ಎತ್ತುತ್ತವೆ, ಉಪಕರಣವನ್ನು ಎಳೆಯುತ್ತವೆ. ಮೇಲಿನದು, ಅಂದರೆ ಟಾಪ್ ಲಿಂಕ್, ಎತ್ತುವುದೇ ಇಲ್ಲ, ಕೋನ ಕಾಯುತ್ತದೆ. ಹ್ಯಾರಿ ಫರ್ಗ್ಯುಸನ್ನನ ಈ ಜೋಡಣೆ 1939ರಲ್ಲಿ ಬಂದ ಫೋರ್ಡ್–ಫರ್ಗ್ಯುಸನ್ 9ಎನ್ ಟ್ರ್ಯಾಕ್ಟರಿನ ಜೊತೆ ದೊಡ್ಡದಾಗಿ ಹರಡಿತು. ಇವತ್ತು ನಮ್ಮ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಮೇಲಿನ ಕೈ ಎಂದರೆ ಒಂದು ಕಡೆ ಎಡ ಥ್ರೆಡ್, ಇನ್ನೊಂದು ಕಡೆ ಬಲ ಥ್ರೆಡ್ ಇರುವ ಕೊಳವೆ. ನಡುವಿನ ಹಿಡಿಕೆ ತಿರುಗಿಸಿದರೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಅದು ಕೆಡುವುದು ಅಪರೂಪ, ಅಗ್ಗ, ಗಟ್ಟಿ. ಅದರ ಒಂದೇ ದೋಷವೆಂದರೆ ಅದನ್ನು ತಿರುಗಿಸಲು ಸೀಟಿನಿಂದ ಇಳಿಯಬೇಕು. ಕಲ್ಟಿವೇಟರಿಗೆ ಬೆಳಿಗ್ಗೆ ಒಮ್ಮೆ ಇಳಿದು ಮುಂದಿನ ಕುಳ, ಹಿಂದಿನ ಕುಳ ಒಂದೇ ಆಳಕ್ಕೆ ಹೋಗುವಂತೆ ಮಾಡಿದರೆ ಸಂಜೆಯ ತನಕ ಮುಟ್ಟುವ ಕೆಲಸವಿಲ್ಲ. ಬ್ಲೇಡಿಗೆ ಹಾಗಲ್ಲ. ದಿಬ್ಬದ ಮೇಲೆ ಕೊರೆಯುವ ಕೋನ ಬೇಕು, ಹತ್ತು ಮಾರು ಮುಂದೆ ತಗ್ಗು ಬಂದಾಗ ಮಣ್ಣು ಬಿಡುವ ಕೋನ ಬೇಕು. ಅಷ್ಟಕ್ಕೆಲ್ಲ ಯಾರೂ ಇಳಿಯುವುದಿಲ್ಲ. ಒಂದು ನಡುಗೋನ ಇಟ್ಟುಕೊಂಡು ಕೆಳಗಿನ ಕೈಗಳನ್ನು ಎತ್ತಿಳಿಸುವ ಲಿಫ್ಟಿನ ಲಿವರನ್ನೇ ಮೇಲೆ ಕೆಳಗೆ ಆಡಿಸುತ್ತ ದಿನ ಕಳೆಯುತ್ತಾರೆ. ಗದ್ದೆಯಲ್ಲಿ ಅಲೆ ಅಲೆಯಾಗಿ ಮಣ್ಣು ನಿಲ್ಲುವುದು ಹೀಗೆ.

ಇಲ್ಲಿ ತಲೆ ತಿರುಗಿಸುವ ಒಂದು ವಿಷಯವಿದೆ. ನೇಗಿಲಿನಲ್ಲಿ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಹಿಂಭಾಗ ಏಳುತ್ತದೆ, ಕುಳದ ಮೂತಿ ಕೆಳಗಾಗುತ್ತದೆ, ನೇಗಿಲು ಇಳಿಯುತ್ತದೆ. ಇದು ಎಲ್ಲ ಚಾಲಕರಿಗೂ ಗೊತ್ತು. ಅದೇ ಅಭ್ಯಾಸದಲ್ಲಿ ಬ್ಲೇಡಿಗೂ ಗಿಡ್ಡ ಮಾಡುತ್ತಾರೆ, ಬ್ಲೇಡು ಕೊರೆಯುವ ಬದಲು ಮಣ್ಣಿನ ಮೇಲೆ ಜಾರುತ್ತದೆ. ಕೆಳಗಿನ ಪಿನ್ನುಗಳನ್ನು ಕೀಲು ಎಂದುಕೊಂಡು ನೋಡಿ. ಮೇಲ್ತುದಿಯನ್ನು ಮುಂದಕ್ಕೆ ಎಳೆದರೆ ಪಿನ್ನಿಗಿಂತ ಕೆಳಗಿರುವ ಅಂಚು ಹಿಂದಕ್ಕೆ ಸರಿಯುತ್ತದೆ. ಹಿಂದೆ ಸರಿದ ಅಂಚು ಸವರುತ್ತದೆ, ಹರಡುತ್ತದೆ. ಟಾಪ್ ಲಿಂಕನ್ನು ಉದ್ದ ಮಾಡಿದಾಗ ಬ್ಲೇಡಿನ ತಲೆ ಹಿಂದೆ ವಾಲಿ ಅಂಚು ಮುಂದೆ ಚಾಚುತ್ತದೆ, ಉಳಿಯಂತೆ ಮಣ್ಣಿನ ಅಡಿಗೆ ಹೋಗುತ್ತದೆ. ಹೀಗೆ ನೇಗಿಲಿಗೂ ಬ್ಲೇಡಿಗೂ ಲೆಕ್ಕ ತಿರುಗಾಮುರುಗಾ. ಲಿವರ್ ಕೈಗೆ ಬಂದ ಮೇಲೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೀಟಿನ ಮೇಲೆ ತಿರುಗಿ ಕುಳಿತು ಒಂದು ಸಾಲು ಓಡಿಸಿದರೆ ಕಣ್ಣಿಗೇ ಕಾಣುತ್ತದೆ.

ಕೊಳ್ಳುವ ಮಾತಿಗೆ ಬರೋಣ. ಎಲ್ಲರೂ ಸಿಲಿಂಡರಿನಿಂದ ಶುರು ಮಾಡುತ್ತಾರೆ. ನಾನು ಟ್ರ್ಯಾಕ್ಟರಿನ ಹಿಂಬದಿಯ ಔಟ್‌ಲೆಟ್, ಅಂದರೆ ಉಪಕರಣಕ್ಕೆ ಎಣ್ಣೆ ಕೊಡುವ ಬಾಯಿ, ನೋಡಿ ಶುರು ಮಾಡಿದೆ. ಟಾಪ್ ಲಿಂಕಿನ ಸಿಲಿಂಡರ್ ಎಣ್ಣೆಯ ಒತ್ತಡದಿಂದಲೇ ಹೊರಚಾಚಬೇಕು, ಒತ್ತಡದಿಂದಲೇ ಒಳಸೇರಬೇಕು. ಅಂದರೆ ಡಬಲ್ ಆ್ಯಕ್ಟಿಂಗ್ ವಾಲ್ವು, ಎರಡು ಪೈಪು. ನಮ್ಮಲ್ಲಿ ಅನೇಕ ಗಾಡಿಗಳಿಗೆ ಟ್ರೇಲರ್ ಎತ್ತಲು ಮಾತ್ರ ಒಂದು ಪೈಪಿನ ಔಟ್‌ಲೆಟ್ ಇರುತ್ತದೆ. ಅದು ಎಣ್ಣೆಯನ್ನು ತಳ್ಳುತ್ತದೆ, ವಾಪಸು ಬರುವುದು ಟ್ರೇಲರಿನ ಭಾರದಿಂದ. ಅದಕ್ಕೆ ಟಾಪ್ ಲಿಂಕ್ ಸಿಲಿಂಡರ್ ಜೋಡಿಸಿ ಉಪಯೋಗವಿಲ್ಲ. ಇನ್ನು ಪಲ್ಟಿ ನೇಗಿಲು ಇದ್ದವರಿಗೆ ಬೇರೆ ತೊಡಕು. ಸಾಲಿನ ಕೊನೆಯಲ್ಲಿ ಹೈಡ್ರಾಲಿಕ್ ಪಲ್ಟಿ ನೇಗಿಲನ್ನೇ ಮಗುಚುವುದಕ್ಕೆ ಒಂದು ಜೊತೆ ಡಬಲ್ ಆ್ಯಕ್ಟಿಂಗ್ ಔಟ್‌ಲೆಟ್ ಬೇಕು. ಒಂದೇ ಜೊತೆ ಇದ್ದರೆ ನೇಗಿಲು ಮಗುಚುತ್ತೀರೋ ಟಾಪ್ ಲಿಂಕ್ ಆಡಿಸುತ್ತೀರೋ ಎಂದು ಆರಿಸಿಕೊಳ್ಳಬೇಕು.

ಇದಕ್ಕೆ ಎರಡು ದಾರಿಗಳಿವೆ. ಒಂದು, ವಿದ್ಯುತ್ ಸ್ವಿಚ್ಚಿನ ಸೆಲೆಕ್ಟರ್ ವಾಲ್ವು: ಇರುವ ಒಂದು ಜೊತೆ ಔಟ್‌ಲೆಟ್ಟನ್ನು ಗುಂಡಿ ಒತ್ತಿದಾಗ ಒಂದು ಸಿಲಿಂಡರಿಗೆ, ಬಿಟ್ಟಾಗ ಇನ್ನೊಂದಕ್ಕೆ ಕೊಡುತ್ತದೆ. ಎರಡನೆಯದು, ಎರಡು ಲಿವರಿನ ವಾಲ್ವನ್ನೇ ಕೂರಿಸುವುದು. ಕೆಸರಿನಲ್ಲಿ, ತುಂತುರಿನಲ್ಲಿ ಓಡುವ ಗಾಡಿಗೆ ವೈರು ಸ್ವಿಚ್ಚು ನನಗೆ ಹಿಡಿಸಲಿಲ್ಲ, ಎರಡು ಲಿವರಿನದೇ ಹಾಕಿಸಿದೆ. ಹಾಕಿಸುವಾಗ ಮೆಕ್ಯಾನಿಕ್ಕನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ವಾಲ್ವಿಗೆ ಪವರ್ ಬಿಯಾಂಡ್ ಇದೆಯೇ? ಪಂಪಿನಿಂದ ಬಂದ ಎಣ್ಣೆ ಲಿವರ್ ಮುಟ್ಟದಿದ್ದಾಗ ಈ ವಾಲ್ವನ್ನು ದಾಟಿ ಲಿಫ್ಟಿಗೆ ಹೋಗುವ ದಾರಿ ಅದು. ಆ ದಾರಿ ಇಲ್ಲದ ವಾಲ್ವನ್ನು ಪಂಪಿಗೂ ಲಿಫ್ಟಿಗೂ ನಡುವೆ ಕೂರಿಸಿದರೆ ಎಣ್ಣೆ ನೇರ ಟ್ಯಾಂಕಿಗೆ ವಾಪಸಾಗಿ ಕೆಳಗಿನ ಕೈಗಳು ಏಳುವುದಿಲ್ಲ. ಹಳೆಯ ಫರ್ಗ್ಯುಸನ್ ಪದ್ಧತಿಯಲ್ಲಿ ಪಿಸ್ಟನ್ ಪಂಪು ಎಣ್ಣೆಯೊಳಗೇ ಮುಳುಗಿರುವ ಗಾಡಿಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಪಂಪು ಎಣ್ಣೆ ಹೀರುವ ಬಾಯಲ್ಲೇ ನಿಯಂತ್ರಣ ಇರುತ್ತದೆ, ಹರಿವೂ ಕಡಿಮೆ. ಅಂಥ ಗಾಡಿಗೆ ಆ ಪದ್ಧತಿ ಬಲ್ಲವರಿಂದಲೇ ಕೈ ಹಾಕಿಸಬೇಕು. ಒಟ್ಟು ಖರ್ಚಿನಲ್ಲಿ ಸಿಲಿಂಡರಿಗಿಂತ ವಾಲ್ವು, ಹೋಸು, ಹೋಸಿನ ತುದಿಯ ಕಪ್ಲರುಗಳ ಪಾಲೇ ನನಗೆ ಹೆಚ್ಚಾಯಿತು. ಸಿಲಿಂಡರಿನ ಬೆಲೆ ಮಾತ್ರ ಕೇಳಿಕೊಂಡು ಹೊರಟವರು ನಡುದಾರಿಯಲ್ಲಿ ನಿಲ್ಲುವುದು ಇಲ್ಲೇ.

ಸಿಲಿಂಡರಿನ ಗಾತ್ರಕ್ಕೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: "ಐವತ್ತರದು ಸಾಕು ಯಜಮಾನರೇ, ಎಲ್ಲರೂ ಅದನ್ನೇ ಹಾಕುತ್ತಾರೆ." ಐವತ್ತು ಎಂದರೆ ಒಳವ್ಯಾಸ 50 ಮಿ.ಮೀ. ಸಾಕೋ ಸಾಲದೋ ಎಂದು ಕಾಗದದ ಮೇಲೆ ಗೀಚಿ ನೋಡಬಹುದು, ಅದೇನು ಬ್ರಹ್ಮವಿದ್ಯೆಯಲ್ಲ. ಸಿಲಿಂಡರ್ ತಳ್ಳುವಾಗ ಪಿಸ್ಟನ್ನಿನ ಇಡೀ ಮುಖಕ್ಕೆ ಎಣ್ಣೆ ಒತ್ತುತ್ತದೆ. ಎಳೆಯುವಾಗ ನಡುವಿನ ರಾಡು ಆಕ್ರಮಿಸಿದ ಜಾಗ ಕಳೆದು ಉಳಿದ ಉಂಗುರಕ್ಕೆ ಮಾತ್ರ. 180 ಬಾರ್ ಒತ್ತಡದಲ್ಲಿ, 30 ಮಿ.ಮೀ. ರಾಡಿನ 50 ಮಿ.ಮೀ. ಸಿಲಿಂಡರ್ ತಳ್ಳುವುದು ಸುಮಾರು 3.6 ಟನ್, ಎಳೆಯುವುದು 2.3 ಟನ್. ಒಳವ್ಯಾಸ 63, ರಾಡು 35 ಮಿ.ಮೀ. ಆದರೆ ತಳ್ಳುವುದು 5.7 ಟನ್, ಎಳೆಯುವುದು ಸುಮಾರು 4 ಟನ್. ಅಂಗಡಿಯವರು ಹೇಳುವುದು ಯಾವಾಗಲೂ ಮೊದಲಿನ ದೊಡ್ಡ ಸಂಖ್ಯೆ. ನಮಗೆ ಬೇಕಾದದ್ದು ಎರಡನೆಯದು, ಏಕೆಂದರೆ ಉಪಕರಣ ಎತ್ತಿದಾಗ ಅದು ಹಿಂದಕ್ಕೆ ಬೀಳಲು ನೋಡುತ್ತದೆ, ಟಾಪ್ ಲಿಂಕ್ ಅದನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ.

ಎಷ್ಟು ಬಲ ಬೀಳುತ್ತದೆ? ನನ್ನ ಎರಡು ಕುಳದ ಪಲ್ಟಿ ನೇಗಿಲಿನ ತೂಕ ಸುಮಾರು 400 ಕೆ.ಜಿ. ಅದರ ಭಾರದ ನಡು ಕೆಳಗಿನ ಪಿನ್ನುಗಳಿಂದ ಸುಮಾರು 90 ಸೆಂ.ಮೀ. ಹಿಂದೆ ಬರುತ್ತದೆ. ಕೆಳಗಿನ ಪಿನ್ನಿಗೂ ಮೇಲಿನ ಪಿನ್ನಿಗೂ ಎತ್ತರದ ಅಂತರ 46 ಸೆಂ.ಮೀ. 400ನ್ನು 90ರಿಂದ ಗುಣಿಸಿ 46ರಿಂದ ಭಾಗಿಸಿದರೆ ಸುಮಾರು 780 ಕೆ.ಜಿ. ಇದು ನಿಂತಲ್ಲಿ ನಿಂತಾಗಿನ ಎಳೆತ. ನೇಗಿಲು ಎತ್ತಿಕೊಂಡು ಹೊಲದಿಂದ ಹೊಲಕ್ಕೆ ಹೋಗುವಾಗ ರಸ್ತೆಯ ಉಬ್ಬು, ನಾಲೆಯ ಏರಿಯ ಗುಂಡಿ ಸಿಕ್ಕರೆ ಆ ಎಳೆತ ಒಂದು ಕ್ಷಣಕ್ಕೆ ಎರಡು ಪಟ್ಟು, ಮೂರು ಪಟ್ಟಾಗುತ್ತದೆ. ಮೂರು ಪಟ್ಟು ಎಂದರೆ 2.3 ಟನ್. ಅಂದರೆ ಐವತ್ತರ ಸಿಲಿಂಡರಿನ ಕೊನೆಯ ಮಿತಿ. ಅಲ್ಲಿಗೆ ಅದು ಮುರಿದುಬೀಳುತ್ತದೆ ಎಂದಲ್ಲ, ಆದರೆ ಪ್ರತಿ ಕುಲುಕಿಗೂ ಸೀಲುಗಳು ಪೆಟ್ಟು ತಿನ್ನುತ್ತಿರುತ್ತವೆ. ನಾನು 63ರದನ್ನು ಆರಿಸಿದ್ದು ಈ ಲೆಕ್ಕದಿಂದ. 35 ಎಚ್‌ಪಿ ಗಾಡಿಗೆ ಬರೀ ಬ್ಲೇಡ್ ಕಟ್ಟುವವರಿಗೆ ಐವತ್ತರದು ನಿಜವಾಗಿಯೂ ಸಾಕು.

ಉದ್ದದ ಅಳತೆ ಇನ್ನೂ ನಾಜೂಕು. ಸಿಲಿಂಡರಿಗೆ ಎರಡು ಉದ್ದಗಳಿವೆ: ಪೂರ್ತಿ ಮುಚ್ಚಿದಾಗ ಪಿನ್ನಿನಿಂದ ಪಿನ್ನಿಗೆ, ಪೂರ್ತಿ ತೆರೆದಾಗ ಪಿನ್ನಿನಿಂದ ಪಿನ್ನಿಗೆ. ನಾನು ಮಾಡಿದ್ದು ಇಷ್ಟು. ಹಳೆಯ ತಿರುಪಿನ ಲಿಂಕನ್ನೇ ಹಾಕಿ, ನನ್ನಲ್ಲಿರುವ ಒಂದೊಂದು ಉಪಕರಣವನ್ನೂ ಕಟ್ಟಿ, ಅದಕ್ಕೆ ಬೇಕಾದ ಅತಿ ಗಿಡ್ಡ ಮತ್ತು ಅತಿ ಉದ್ದದ ಸ್ಥಿತಿಯಲ್ಲಿ ಟೇಪು ಹಿಡಿದು ಬರೆದುಕೊಂಡೆ. ನೇಗಿಲಿಗೆ ಬೇಕಾದ ಗಿಡ್ಡ, ಬ್ಲೇಡಿಗೆ ಬೇಕಾದ ಉದ್ದ ಇವೆರಡರ ನಡುವೆ ಎಲ್ಲವೂ ಅಡಗಿದ್ದವು. ಮುಚ್ಚಿದಾಗ 530, ತೆರೆದಾಗ 730 ಮಿ.ಮೀ. ಬರುವ 200 ಮಿ.ಮೀ. ಓಟದ ಸಿಲಿಂಡರ್ ನನಗೆ ಒಪ್ಪಿತು. ಓಟ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಆಸೆ ಬೇಡ. ಓಟ ಹೆಚ್ಚಾದಷ್ಟೂ ಮುಚ್ಚಿದ ಉದ್ದವೂ ಹೆಚ್ಚುತ್ತದೆ. ಮುಚ್ಚಿದರೂ ಗಿಡ್ಡವಾಗದ ಸಿಲಿಂಡರಿನಲ್ಲಿ ನೇಗಿಲಿನ ಮೂತಿ ಕೆಳಗೆ ಬರುವುದೇ ಇಲ್ಲ.

ಪಿನ್ನಿನ ಗಾತ್ರದಲ್ಲಿ ನಮ್ಮ 50 ಎಚ್‌ಪಿ ಆಸುಪಾಸಿನ ಗಾಡಿಗಳು ಎರಡು ದೋಣಿಯಲ್ಲಿ ಕಾಲಿಟ್ಟಿವೆ. ಜೋಡಣೆಯ ಗಾತ್ರದ ವರ್ಗಗಳಲ್ಲಿ ಕೆಟಗರಿ 1ರ ಟಾಪ್ ಪಿನ್ನು 19 ಮಿ.ಮೀ., ಕೆಟಗರಿ 2ರದು 25 ಮಿ.ಮೀ. ಗಾಡಿಯ ಕಡೆ ಒಂದು, ಹಳೆಯ ಉಪಕರಣದ ಕಡೆ ಇನ್ನೊಂದು ಇರುವುದು ಮಾಮೂಲು. ದಪ್ಪ ತೂತಿನಲ್ಲಿ ಸಣ್ಣ ಪಿನ್ನು ತೂರಿಸಿ ಓಡಿಸಿದರೆ ತಿರುಪಿನ ಲಿಂಕು ಸಹಿಸಿಕೊಳ್ಳುತ್ತಿತ್ತು, ಸಿಲಿಂಡರ್ ಸಹಿಸುವುದಿಲ್ಲ. ಒಳಗೆ ಲೊಡಲೊಡ ಆಡುವ ಪಿನ್ನಿನ ಪೆಟ್ಟು ನೇರ ರಾಡಿಗೆ ಹೋಗುತ್ತದೆ. ಹಾಗಾಗಿ ಸಿಲಿಂಡರಿನ ಎರಡೂ ತುದಿಗೆ ಎಲ್ಲ ಕಡೆ ಹೊರಳುವ, 25ರ ತೂತಿನ ಬಾಲ್ ಇರುವುದನ್ನೇ ತೆಗೆದುಕೊಂಡು, 19ರ ಪಿನ್ನಿರುವ ಉಪಕರಣಗಳಿಗೆ ಬುಷ್ ಮಾಡಿಸಿದೆ. ಹರಿಹರದಲ್ಲಿ ಇಂಥ ಕೆಲಸಕ್ಕೆ ಕೈಗಳಿಗೆ ಬರವಿಲ್ಲ. ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಯಂತ್ರಗಳನ್ನು ತಯಾರಿಸಿದ ಊರು ಅದು. ಕಾರ್ಖಾನೆ ಮುಚ್ಚಿದರೂ ಆ ಕೈಚಳಕ ಊರಲ್ಲಿ ಉಳಿದಿದೆ. ನಾನು ಹೋದ ಲೇತಿನ ಹಿರಿಯರು ಬುಷ್ ಮಾಡುವ ಮೊದಲು ಸಿಲಿಂಡರಿನ ತುದಿಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. "ಬಾಲ್ ಇದೆ, ಒಳ್ಳೆಯದಾಯಿತು. ಬರೀ ತೂತಿನ ತುದಿ ತಂದಿದ್ದರೆ ವಾಪಸು ಕಳಿಸುತ್ತಿದ್ದೆ. ಉಪಕರಣ ಪಕ್ಕಕ್ಕೆ ವಾಲಿದಾಗಲೆಲ್ಲ ರಾಡು ಬಾಗುತ್ತದೆ" ಎಂದರು. ಬುಷ್‌ಗೆ ಅವರು ಎಷ್ಟು ಬಿಗಿ ಕೊಟ್ಟರೆಂದರೆ, ಗ್ರೀಸ್ ಹಚ್ಚಿ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ತಾನಾಗಿ ಬೀಳುವುದಿಲ್ಲ.

ಇಷ್ಟೆಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಲಾಕ್ ವಾಲ್ವಿನ ವಿಷಯ. ಟ್ರ್ಯಾಕ್ಟರಿನ ಲಿವರಿನ ಕೆಳಗಿರುವ, ಎಣ್ಣೆಯ ದಾರಿ ಬದಲಿಸುವ ಸ್ಪೂಲ್ ವಾಲ್ವು ಎಷ್ಟೇ ಹೊಸದಿರಲಿ, ಅದರಲ್ಲಿ ಎಣ್ಣೆ ಕೂದಲೆಳೆಯಷ್ಟು ಸೋರಿಯೇ ಸೋರುತ್ತದೆ. ಆಗ ಹಿಡಿದಿಟ್ಟ ಕೋನ ಸಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲುತ್ತದೆ. ಬ್ಲೇಡ್ ಹಿಡಿದವರಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ: ಶುರುವಿನಲ್ಲಿ ಸರಿಯಾಗಿ ಕೆರೆದದ್ದು ಕೊನೆಯಲ್ಲಿ ಮಣ್ಣು ಬಿಟ್ಟಿರುತ್ತದೆ. ಸಿಲಿಂಡರಿನ ಮೈಮೇಲೆಯೇ ಕೂರುವ, ಎರಡೂ ಕಡೆ ತಡೆಯುವ ಲಾಕ್ ವಾಲ್ವು (ಪೈಲಟ್ ಚೆಕ್ ವಾಲ್ವು) ಇದ್ದರೆ ಎಣ್ಣೆ ಸಿಲಿಂಡರಿನೊಳಗೇ ಬಂದಿಯಾಗುತ್ತದೆ. ಲಿವರ್ ಒತ್ತಿದಾಗ ಬರುವ ಒತ್ತಡವೇ ಬೀಗ ತೆರೆಯುತ್ತದೆ. ಹೋಸು ಒಡೆದರೂ ನೇಗಿಲು ದಬಕ್ಕನೆ ಹಿಂದೆ ವಾಲುವುದಿಲ್ಲ. ಹೋಸಿನ ಆ ತುದಿಯಲ್ಲಿ, ಟ್ರ್ಯಾಕ್ಟರಿನ ಪಕ್ಕದಲ್ಲಿ ಕೂರಿಸುವ ಲಾಕ್ ವಾಲ್ವನ್ನೂ ಮಾರುತ್ತಾರೆ. ಸೋರಿಕೆಗೆ ಅದು ಸರಿ, ಹೋಸು ಒಡೆದಾಗ ಅದರಿಂದ ಏನೂ ಪ್ರಯೋಜನವಿಲ್ಲ. ಲಾಕ್ ಇಲ್ಲದ ಸಿಲಿಂಡರನ್ನು ಪುಕ್ಕಟೆ ಕೊಟ್ಟರೂ ನಾನು ಗಾಡಿಗೆ ಹಾಕುವುದಿಲ್ಲ.

ಆಮೇಲೆ ವೇಗ. ಪಂಪು ನಿಮಿಷಕ್ಕೆ 30 ಲೀಟರ್ ಎಣ್ಣೆ ಕೊಟ್ಟರೆ 63ರ ಸಿಲಿಂಡರಿನ 200 ಮಿ.ಮೀ. ಓಟ ತುಂಬಲು ಬೇಕಾದ ಸುಮಾರು 0.6 ಲೀಟರ್ ಒಂದೂಕಾಲು ಸೆಕೆಂಡಿನಲ್ಲಿ ಹೋಗಿಬಿಡುತ್ತದೆ. ಒಳಸೇರುವುದಕ್ಕೆ ಒಂದು ಸೆಕೆಂಡೂ ಬೇಡ. ಲಿವರ್ ಮುಟ್ಟಿದರೆ ಸಾಕು, ನೇಗಿಲು ಎಗರುತ್ತದೆ. ನಮಗೆ ಬೇಕಾದದ್ದು ಬೆರಳಗಲದ ಬದಲಾವಣೆ. ಅದಕ್ಕೆ ಹೋಸಿನ ಜೋಡಣೆಯೊಳಗೆ ಸಣ್ಣ ತೂತಿನ ರೆಸ್ಟ್ರಿಕ್ಟರ್ ಹಾಕಿಸಿದೆ. ಈಗ ಪೂರ್ತಿ ಓಟಕ್ಕೆ ನಿಧಾನವಾಗಿ ಐದಾರು ಎಣಿಸುವಷ್ಟು ಹೊತ್ತು ಹಿಡಿಯುತ್ತದೆ. ತಿರುಗಿಸಿ ಹರಿವು ಹೊಂದಿಸಿಕೊಳ್ಳುವ ಫ್ಲೋ ಕಂಟ್ರೋಲ್ ವಾಲ್ವೂ ಸಿಗುತ್ತದೆ, ಕೈ ಬಿಗಿಯಿಲ್ಲದವರು ಅದನ್ನೇ ಹಾಕಿಸಿಕೊಳ್ಳಲಿ.

ಹೋಸು ಎರಡು ತಂತಿಜಾಲದ್ದಿರಲಿ. ಉದ್ದ ನೋಡುವಾಗ ಲಿಫ್ಟ್ ಪೂರ್ತಿ ಎತ್ತಿ, ಸಿಲಿಂಡರ್ ಪೂರ್ತಿ ತೆರೆದು ನೋಡಬೇಕು. ಆಗಲೂ ಸ್ವಲ್ಪ ಸಡಿಲವಿರಬೇಕು, ಆದರೆ ಜೋತು ಬಿದ್ದು, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ಪಿಟಿಒ ಶಾಫ್ಟಿನ ಹತ್ತಿರ ಹೋಗಬಾರದು. ನಾನು ಎರಡೂ ಹೋಸುಗಳನ್ನು ಸಿಲಿಂಡರಿನ ಬೆನ್ನಿಗೆ ರಬ್ಬರ್ ಪಟ್ಟಿಯಿಂದ ಕಟ್ಟಿದ್ದೇನೆ. ಹೊರಗೆ ಹೋಗುವ ಎಣ್ಣೆಯ ಕಪ್ಲರಿಗೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು. ಮಗ ಓಡಿಸಿದರೂ, ಕೆಲಸದವರು ಓಡಿಸಿದರೂ ಲಿವರ್ ಮುಂದೆ ತಳ್ಳಿದರೆ ಸಿಲಿಂಡರ್ ಉದ್ದವಾಗಬೇಕು. ದಿನಕ್ಕೊಂದು ರೀತಿ ಜೋಡಿಸಿದರೆ ಕೈಗೆ ಅಭ್ಯಾಸವೇ ಕೂರುವುದಿಲ್ಲ.

ಕೂರಿಸಿದ ಮೇಲೆ ಮೊದಲ ಕೆಲಸ ಗಾಳಿ ತೆಗೆಯುವುದು. ಉಪಕರಣ ಕಟ್ಟದೆ, ಒಂದು ತುದಿಯ ಪಿನ್ನು ಮಾತ್ರ ಹಾಕಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಆಡಿಸುತ್ತ ಇದ್ದರೆ ಗಾಳಿ ಎಣ್ಣೆಯೊಂದಿಗೆ ವಾಪಸು ಹೋಗುತ್ತದೆ. ಗಾಳಿ ಉಳಿದರೆ ಸಿಲಿಂಡರ್ ಸ್ಪಂಜಿನಂತೆ ಮೆತ್ತಗೆ ಆಡುತ್ತದೆ. ಟಾಪ್ ಲಿಂಕಿನ ಒತ್ತಡದಿಂದಲೇ ಡ್ರಾಫ್ಟ್, ಅಂದರೆ ನೇಗಿಲು ಎಳೆಯಲು ಬೇಕಾದ ಬಲ, ಅರಿಯುವ ಗಾಡಿಗಳಲ್ಲಿ ಇದು ದೊಡ್ಡ ತೊಂದರೆ. ಗಟ್ಟಿ ನೆಲ ಸಿಕ್ಕಾಗ ನೇಗಿಲು ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ, ಆ ಒತ್ತು ಸ್ಪ್ರಿಂಗಿಗೆ ಮುಟ್ಟಿ ಲಿಫ್ಟ್ ತುಸು ಏಳುತ್ತದೆ. ನಡುವೆ ಮೆತ್ತಗಿನ ಸಿಲಿಂಡರ್ ಇದ್ದರೆ ಸುದ್ದಿ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಗಾಲಿ ಸುತ್ತಿಬಿಟ್ಟಿರುತ್ತದೆ.

ತಿರುಪಿನ ಲಿಂಕಿನಲ್ಲಿ ಎಷ್ಟು ಥ್ರೆಡ್ ಹೊರಗೆ ಕಾಣುತ್ತಿದೆ ಎಂದು ನೋಡಿ ನಿನ್ನೆಯ ಅಳತೆಗೆ ಇಂದು ಬರಬಹುದಿತ್ತು. ಸಿಲಿಂಡರಿನಲ್ಲಿ ಆ ಗುರುತು ಇಲ್ಲ. ಸೀಟಿನಿಂದ ನೋಡಿದರೆ ರಾಡು ಎಷ್ಟು ಹೊರಬಂದಿದೆ ಎನ್ನುವುದು ಅಂದಾಜಿಗೂ ಸಿಗುವುದಿಲ್ಲ. ಇದಕ್ಕೆ ನಾನು ಹಚ್ಚಿದ್ದು ಸೈಕಲ್ ಕಡ್ಡಿ. ರಾಡಿನ ತುದಿಯ ಕಣ್ಣಿಗೆ ಕ್ಲ್ಯಾಂಪಿನಿಂದ ಕಡ್ಡಿಯ ಒಂದು ತುದಿ ಬಿಗಿದಿದ್ದೇನೆ. ಇನ್ನೊಂದು ತುದಿ ಸಿಲಿಂಡರಿನ ಮೈಗೆ ಬಿಗಿದ ಕ್ಲ್ಯಾಂಪಿನ ಸಣ್ಣ ನಳಿಕೆಯೊಳಗೆ ಜಾರುತ್ತದೆ. ಮೈಮೇಲೆ ಬಣ್ಣದ ಗೆರೆಗಳು: ಹಳದಿ ಗೆರೆ ನೇಗಿಲಿಗೆ, ಬಿಳಿ ಬ್ಲೇಡ್ ಕೊರೆಯುವುದಕ್ಕೆ, ನೀಲಿ ಹರಡುವುದಕ್ಕೆ. ಕಡ್ಡಿಯ ತುದಿ ಎಲ್ಲಿದೆ ಎಂದು ನೋಡಿದರೆ ಮುಗಿಯಿತು. ಸಿಲಿಂಡರಿನ ಮೈಗೆ ವೆಲ್ಡಿಂಗ್ ಮಾತ್ರ ಮುಟ್ಟಿಸಬೇಡಿ. ಒಳಗಿನ ಕೊಳವೆ ಕೂದಲಷ್ಟು ಸೊಟ್ಟಗಾದರೂ ಸೀಲು ಉಳಿಯುವುದಿಲ್ಲ.

ಕೆಲಸದಲ್ಲಿ ಹೇಗೆ ಎಂದರೆ, ಬ್ಲೇಡಿನದು ಹೀಗೆ. ದಿಬ್ಬಕ್ಕೆ ಬರುವ ಮುಂಚೆ ಬಿಳಿ ಗೆರೆಗೆ ತರುತ್ತೇನೆ. ಬ್ಲೇಡ್ ತುಂಬಿ ಮಣ್ಣು ಎರಡೂ ಪಕ್ಕ ಚೆಲ್ಲಲು ಶುರುವಾದಾಗ ಲಿಫ್ಟ್ ಮುಟ್ಟುವುದಿಲ್ಲ, ಟಾಪ್ ಲಿಂಕನ್ನು ಬೆರಳಗಲ ಗಿಡ್ಡ ಮಾಡುತ್ತೇನೆ. ಅಂಚು ಕೊರೆಯುವುದನ್ನು ಬಿಟ್ಟು ಇರುವ ಮಣ್ಣನ್ನು ಹೊತ್ತು ಸಾಗುತ್ತದೆ. ತಗ್ಗಿಗೆ ಬಂದಾಗ ನೀಲಿ ಗೆರೆಯ ತನಕ ಗಿಡ್ಡ ಮಾಡುತ್ತ ಹೋದರೆ ಮಣ್ಣು ಅಂಚಿನ ಕೆಳಗಿನಿಂದ ಜಾರಿ ಪದರವಾಗಿ ಹಾಸುತ್ತದೆ. ಲಿಫ್ಟ್ ಎತ್ತಿ ಮಣ್ಣು ಬಿಟ್ಟರೆ ಗುಡ್ಡೆಯಾಗುತ್ತದೆ, ಕೋನ ಬದಲಿಸಿ ಬಿಟ್ಟರೆ ಹಾಸಾಗುತ್ತದೆ. ಈ ಒಂದು ವ್ಯತ್ಯಾಸಕ್ಕೇ ನಾನು ಕೊಟ್ಟ ಹಣ ಬಂತು ಎನ್ನಬಹುದು. ಮುಂಚೆ ಗುಡ್ಡೆ ಬಿದ್ದದ್ದನ್ನು ಸಮ ಮಾಡಲು ಅಡ್ಡ ಸಾಲು ಹೊಡೆಯುತ್ತಿದ್ದೆ, ಈಗ ಅದರ ಅಗತ್ಯ ಬಹುತೇಕ ತಪ್ಪಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುವವನಿಗೆ ಇದು ನಷ್ಟವಲ್ಲವೇ ಎಂದು ನನ್ನ ತಮ್ಮನೇ ನಕ್ಕ. ನಷ್ಟವಾಗಲಿಲ್ಲ. ಕೆಲಸ ಬೇಗ ಮುಗಿಯುತ್ತದೆಂದು ಪಕ್ಕದ ಗದ್ದೆಯವರೂ ಕರೆಯುತ್ತಾರೆ.

ಪಲ್ಟಿಯಲ್ಲಿ ಉಪಯೋಗ ಬೇರೆ. ಹೊಲದ ಅಂಚಿನಲ್ಲಿ ಇಳಿಸುವಾಗ ಗಿಡ್ಡ ಮಾಡಿ ಇಳಿಸಿದರೆ ಕುಳ ಎರಡು ಮಾರಿನೊಳಗೆ ಆಳ ಹಿಡಿಯುತ್ತದೆ, ಆಮೇಲೆ ಹಳದಿ ಗೆರೆಗೆ ಬಂದು ಚೌಕಟ್ಟನ್ನು ನೆಲಕ್ಕೆ ಸಮ ಮಾಡಿಕೊಳ್ಳಬಹುದು. ಅಂಚಿನಲ್ಲಿ ಉಳುಮೆಯಾಗದೆ ಉಳಿಯುವ ಪಟ್ಟಿ ಕಿರಿದಾಗುತ್ತದೆ. ಗಿಡ್ಡ ಇಟ್ಟೇ ಇಡೀ ಸಾಲು ಓಡಿಸುವವರನ್ನು ನೋಡಿದ್ದೇನೆ. ಮುಂದಿನ ಕುಳ ಆಳ, ಹಿಂದಿನದು ತೇಲು, ಮಣ್ಣು ಒಂದೊಂದು ಸಾಲಿಗೆ ಒಂದೊಂದು ರೀತಿ ಮಗುಚಿರುತ್ತದೆ. ಬದು ದಾಟುವಾಗ, ರಸ್ತೆಗೆ ಏರುವಾಗಲೂ ಗಿಡ್ಡ ಮಾಡಿದರೆ ನೇಗಿಲಿನ ಬಾಲ ಏಳುತ್ತದೆ, ಕುಳ ಡಾಂಬರಿಗೆ ತಗಲುವುದಿಲ್ಲ.

ಉಪಕರಣ ಕಟ್ಟುವ ಬಿಚ್ಚುವ ಸುಖವನ್ನು ಮಾತ್ರ ಒಬ್ಬನೇ ದುಡಿಯುವವನೇ ಬಲ್ಲ. ಉಬ್ಬುತಗ್ಗಿನ ಜಾಗದಲ್ಲಿ ನೇಗಿಲಿನ ತೂತು ಇಲ್ಲಿ, ಲಿಂಕಿನ ತುದಿ ಅಲ್ಲಿ. ಮೊದಲಾದರೆ ಹಾರೆ ಹಾಕಿ ಮೀಟಬೇಕಿತ್ತು, ಬಿಚ್ಚುವಾಗ ಬಿಗಿದ ಪಿನ್ನಿಗೆ ಸುತ್ತಿಗೆ ಕೊಡಬೇಕಿತ್ತು. ಈಗ ಲಿವರ್ ಕೊಂಚ ಆಡಿಸಿದರೆ ತೂತಿಗೆ ತೂತು ಕೂಡುತ್ತದೆ. ಆದರೆ ನನ್ನ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇದೆ: ಲಿವರ್ ಆಡಿಸುವವನು ಸೀಟಿನ ಮೇಲಿರುವಾಗ ಟ್ರ್ಯಾಕ್ಟರಿಗೂ ಉಪಕರಣಕ್ಕೂ ನಡುವೆ ಯಾರೂ ನಿಲ್ಲುವಂತಿಲ್ಲ, ಪಿನ್ನು ಹಾಕಲು ಇಳಿದವನು ಎಂಜಿನ್ ಆರಿಸಿಯೇ ಇಳಿಯಬೇಕು. ತಿರುಪಿನ ಲಿಂಕು ತಾನಾಗಿ ಅಲ್ಲಾಡುತ್ತಿರಲಿಲ್ಲ, ಇದು ಯಾರದೋ ಮೊಣಕೈ ತಾಗಿದರೂ ಅಲ್ಲಾಡುತ್ತದೆ.

ಇದು ಒಗ್ಗದ ಕಡೆಗಳೂ ಇವೆ. ರೊಟವೇಟರಿಗೆ ನಾನು ಸಿಲಿಂಡರ್ ಹಾಕುವುದಿಲ್ಲ. ಮಣ್ಣಿನೊಳಗೆ ಗೇರ್‌ಬಾಕ್ಸ್ ಸಮವಾಗಿ ನಿಲ್ಲುವಂತೆ ಒಮ್ಮೆ ಹೊಂದಿಸಿದರೆ ಕೆಲಸ ಮುಗಿಯಿತು, ಲಿವರಿನ ಅಗತ್ಯವೇ ಬೀಳುವುದಿಲ್ಲ. ಲಿವರ್ ಇದ್ದರೆ ಅಪಾಯವೇ ಹೆಚ್ಚು: ಸಿಲಿಂಡರ್ ಗಿಡ್ಡ ಮಾಡಿ ಲಿಫ್ಟ್ ಎತ್ತಿದರೆ ಪಿಟಿಒ ಶಾಫ್ಟಿನ ಕೋನ ತೀರಾ ಹೆಚ್ಚಿ ಕ್ರಾಸ್ ಜಾಯಿಂಟ್ ಕಟಕಟ ಎನ್ನುತ್ತದೆ, ತಿರುಗುತ್ತಿದ್ದರೆ ಮುರಿಯಲೂಬಹುದು. ನೆಲದ ಏರಿಳಿತಕ್ಕೆ ತಾನಾಗಿ ಓಲಾಡಬೇಕಾದ ಹುಲ್ಲು ಕತ್ತರಿಸುವ ಯಂತ್ರದಂಥವಕ್ಕೂ ಇದು ಸಲ್ಲದು. ಎಣ್ಣೆ ಎರಡೂ ಕಡೆ ತಾನಾಗಿ ಹರಿಯಲು ಬಿಡುವ ಫ್ಲೋಟಿನಲ್ಲಿ ಲಿವರನ್ನು ಇಟ್ಟರೆ ಆಯಿತಲ್ಲ ಎನ್ನುತ್ತಾರೆ. ಲಾಕ್ ವಾಲ್ವು ಇರುವ ಸಿಲಿಂಡರಿಗೆ ಫ್ಲೋಟ್ ಎಂಬುದೇ ಇಲ್ಲ, ಒತ್ತಡ ಬಾರದೆ ಬೀಗ ತೆರೆಯುವುದಿಲ್ಲ. ಇನ್ನು ಸಿಕ್ಕಿಬಿದ್ದ ಗಾಡಿಯನ್ನೋ ಮರದ ದಿಮ್ಮಿಯನ್ನೋ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಿ ಎಳೆಯುವ ದುರಭ್ಯಾಸ ನಮ್ಮ ಕಡೆ ಇನ್ನೂ ಇದೆ. ಎಳೆತದ ಜಾಗ ಹಿಂದಿನ ಆಕ್ಸಲಿಗಿಂತ ಮೇಲೆ ಬಂದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ. ಲಿಂಕ್ ತಿರುಪಿನದಾದರೂ ಹೈಡ್ರಾಲಿಕ್ಕಿನದಾದರೂ ಆ ಅಪಾಯದಲ್ಲಿ ಏನೂ ಬದಲಿಲ್ಲ.

ಆರೈಕೆ ಹೆಚ್ಚಿಲ್ಲ, ಆದರೆ ತಪ್ಪಿಸುವಂತಿಲ್ಲ. ಕೆಸರು ಗದ್ದೆಯಿಂದ ಬಂದ ಸಂಜೆ ರಾಡನ್ನು ಒರೆಸಿ ಪೂರ್ತಿ ಒಳಗೆ ಸೇರಿಸಿ ನಿಲ್ಲಿಸುತ್ತೇನೆ. ಹೊರಗಿದ್ದ ರಾಡಿನ ಮೇಲೆ ಒಣಗಿದ ಕೆಸರು ಮಾರನೆಯ ದಿನ ಸೀಲಿಗೆ ಉಪ್ಪುಕಾಗದವಾಗುತ್ತದೆ. ಬಾಲ್‌ಗಳಿಗೆ ಗ್ರೀಸ್. ಟ್ರೇಲರ್ ಜೋಡಿಸುವವರು ಇನ್ನೊಬ್ಬರ ಟ್ರೇಲರಿನಿಂದ ಮಣ್ಣಿನ ಕಪ್ಲರನ್ನು ಹಾಗೇ ತುರುಕುವುದುಂಟು. ಆ ಮಣ್ಣು ಹೋಗುವುದು ನಮ್ಮ ಗೇರ್‌ಬಾಕ್ಸಿನ ಎಣ್ಣೆಗೇ, ಅಲ್ಲಿಂದ ಪಂಪಿಗೆ, ಲಾಕ್ ವಾಲ್ವಿಗೆ. ಲಾಕ್ ವಾಲ್ವಿನ ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಬೀಗ ಹಾಕುವುದಿಲ್ಲ. ಹಾಗಾಗಿ ಕಪ್ಲರಿಗೆ ಮುಚ್ಚಳ, ಜೇಬಿನಲ್ಲಿ ಒಂದು ಒಣಬಟ್ಟೆ.

ಬೇಸಿಗೆಯಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಬಿಚ್ಚಿಟ್ಟ ಸಿಲಿಂಡರ್ ಬಿಸಿಲಿಗೆ ಬಿದ್ದಿದ್ದರೆ ಮಧ್ಯಾಹ್ನ ಕಪ್ಲರ್ ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ. ಹೋಸಿನಲ್ಲಿ ಸಿಕ್ಕಿಕೊಂಡ ಎಣ್ಣೆ ಕಾದು ಉಬ್ಬಿ ಒತ್ತಡ ಏರಿರುತ್ತದೆ. ಕಲ್ಲಿನಿಂದ ಕಪ್ಲರಿನ ಮೂತಿ ಕುಟ್ಟಿ ಎಣ್ಣೆ ಚಿಮ್ಮಿಸುವವರಿದ್ದಾರೆ. ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕರೆ ಆಸ್ಪತ್ರೆಯೇ ಗತಿ, ಆಟವಲ್ಲ. ಬಿಚ್ಚುವ ಮುಂಚೆಯೇ ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರನ್ನು ಹಿಂದೆ ಮುಂದೆ ಆಡಿಸಿದರೆ ಹೋಸಿನ ಒತ್ತಡ ಸತ್ತುಹೋಗುತ್ತದೆ. ಸಿಲಿಂಡರನ್ನು ನೆರಳಿನಲ್ಲಿಟ್ಟರೆ ಮುಗಿಯಿತು.

ಬ್ಲೇಡ್ ಕೆಲಸ ಮಾಡುವಾಗ ನನ್ನ ಎರಡನೆಯ ಲಿವರ್ ಸುಮ್ಮನಿರುತ್ತದೆ. ಅದಕ್ಕೆ ಈಗ ಬಲಗಡೆಯ ಲಿಫ್ಟ್ ರಾಡಿನ ಜಾಗದಲ್ಲಿ ಇನ್ನೊಂದು ಸಣ್ಣ ಸಿಲಿಂಡರ್ ಕೂರಿಸುವ ಯೋಚನೆ ಇದೆ. ಅಡಿಕೆ ತೋಟದ ಬಸಿಗಾಲುವೆ ಎಳೆಯುವಾಗ ಬ್ಲೇಡಿನ ಒಂದು ಮೂಲೆಯನ್ನು ಮಾತ್ರ ಇಳಿಸಬೇಕಾಗುತ್ತದೆ, ಸದ್ಯ ಅದಕ್ಕೆ ಇಳಿದು ಹಿಡಿಕೆ ತಿರುಗಿಸುತ್ತಿದ್ದೇನೆ. ಅಲ್ಲಿ ಉಪಕರಣದ ಭಾರವೇ ನೇರ ಸಿಲಿಂಡರಿನ ಮೇಲೆ ಜೋತುಬೀಳುತ್ತದೆ. ಆದ್ದರಿಂದ ಎಳೆತದ ಲೆಕ್ಕವನ್ನು ಹೊಸದಾಗಿ ಹಾಕಿ, ಅಳತೆಯ ಚೀಟಿಯನ್ನು ಹರಿಹರದ ಅದೇ ಲೇತಿಗೆ ಕೊಟ್ಟು ಬಂದಿದ್ದೇನೆ. ಲಾಕ್ ವಾಲ್ವು ಸಿಲಿಂಡರಿನ ಮೈಮೇಲೆಯೇ ಇರಬೇಕು ಎಂದು ಚೀಟಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.